ಓಂಕಾರಪ್ಪ ಓದಿಕೊಟ್ಟ ಚೀಟಿ

ಗೋಣಿಬೀಡಿನ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಓಂಕಾರಪ್ಪನವರ ಅಂಗಡಿ. ಹಗ್ಗ, ಗೋಣಿಚೀಲ, ಟಾರ್ಪಾಲು, ಕತ್ತಿ, ಬೆಲ್ಲ, ಸೋಪು ಎಲ್ಲ ಸಿಗುವ ಅಂಗಡಿ. ಔಷಧಿಯನ್ನು ಮಾತ್ರ ಅವರು ಮಾರುತ್ತಿರಲಿಲ್ಲ. ಆದರೂ ಮಧ್ಯಾಹ್ನದ ಮೇಲೆ ಮೂಡಿಗೆರೆ ಕಡೆಯ ಬಸ್ಸಿಂದ ಇಳಿದವರಲ್ಲಿ ಒಬ್ಬಿಬ್ಬರಾದರೂ ಮಾತ್ರೆಯ ಕವರು ಹಿಡಿದುಕೊಂಡು ನೇರ ಅವರ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಡಾಕ್ಟರು ಬರೆದದ್ದನ್ನು ಓದಿ ಹೇಳಲು ಸುತ್ತಿನ ಏಳೆಂಟು ಊರಿಗೆ ಇದ್ದವರು ಅವರೊಬ್ಬರೇ ಎಂಬಂತಾಗಿತ್ತು.

ಅದಕ್ಕೊಂದು ಹಿನ್ನೆಲೆಯಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಮೂಡಿಗೆರೆಯ ಒಬ್ಬ ವೃದ್ಧ ಡಾಕ್ಟರ ಶಾಪಿನಲ್ಲಿ ಕಾಂಪೌಂಡರ್ ಕೈಕೆಳಗೆ ಕೆಲಸಕ್ಕಿದ್ದರು. ಕೆಂಪು ಮಿಕ್ಸ್ಚರನ್ನು ಬಾಟಲಿಗೆ ಹೊಯ್ದು, ಒಂದು ಹೊತ್ತಿಗೆ ಎಷ್ಟು ಎಂದು ತಿಳಿಯಲು ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸುವುದು ಅವರ ಕೆಲಸ. ಆರು ವರ್ಷ ಅಲ್ಲಿದ್ದು, ಓ.ಡಿ. ಅಂದರೆ ದಿನಕ್ಕೊಂದು, ಬಿ.ಡಿ. ಅಂದರೆ ಎರಡು, ಟಿ.ಡಿ.ಎಸ್. ಅಂದರೆ ಮೂರು ಎಂಬುದನ್ನು ಕಲಿತರು. ತಂದೆ ಹಾಸಿಗೆ ಹಿಡಿದಾಗ ಊರಿಗೆ ಬಂದು ಅಂಗಡಿಯಲ್ಲಿ ಕೂತರು. ಅಷ್ಟೇ ಅವರ ವೈದ್ಯವಿದ್ಯೆ. ಅದಾಗಿ ನಲವತ್ತು ವರ್ಷ ಕಳೆದಿತ್ತು. ಅಷ್ಟರಲ್ಲಿ ಔಷಧಿಗಳೆಲ್ಲ ಬದಲಾಗಿದ್ದವು. ಓಂಕಾರಪ್ಪನವರಿಗೆ ತಿಳಿದಿದ್ದ ಅಕ್ಷರಗಳು ಬದಲಾಗಿರಲಿಲ್ಲ.

ಅವರ ಬರವಣಿಗೆ ಓದು ಬಾರದವರಿಗೂ ಅರ್ಥವಾಗುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಬೆನ್ನಿನ ಬಿಳಿ ಬದಿಯಲ್ಲಿ ಗುಡ್ಡದ ಮೇಲೆ ಮೂಡುವ ಸೂರ್ಯ, ನೆತ್ತಿಯ ಮೇಲಿನ ಸೂರ್ಯ, ಚಂದ್ರ ಎಂದು ಚಿತ್ರ ಬರೆದು, ಒಂದೊಂದರ ಪಕ್ಕ ಮಾತ್ರೆಯ ಬಣ್ಣ ತೋರಿಸಿ ಕೊಡುತ್ತಿದ್ದರು. ಎಸ್ಟೇಟ್ ಕೂಲಿಕಾರರ ಲೈನಿನ ಎಷ್ಟೋ ಮನೆಗಳ ಗೋಡೆಯಲ್ಲಿ ಆ ಸೂರ್ಯಚಂದ್ರರು ಗಂಜಿಯಲ್ಲಿ ಅಂಟಿಕೊಂಡಿದ್ದರು. ಕಾಳುಮೆಣಸು ಕೊಯ್ಯುವ ಕೆಂಚಯ್ಯ ಒಮ್ಮೆ ಎಡಗೈ ಜೋಮು ಹಿಡಿದಿದೆ, ಗ್ಯಾಸ್ ಇರಬೇಕು ಎಂದು ಬಂದಾಗ, ಅವನ ಮುಖ ನೋಡಿದ ಕೂಡಲೇ ಓಂಕಾರಪ್ಪ ಸಿಕ್ಕಿದ ಜೀಪು ಹತ್ತಿಸಿ ಆಸ್ಪತ್ರೆಗೆ ಕಳಿಸಿದ್ದರು. ಇನ್ನು ಅರ್ಧ ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಅಲ್ಲಿಯವರು. ಅದಾದ ಮೇಲೆ ಜನ ಡಾಕ್ಟರ ಮಾತನ್ನು ಅರ್ಧ ಕೇಳಿಸಿಕೊಂಡು ಎದ್ದುಬರುವುದು ಹೆಚ್ಚಾಯಿತು. ಹೇಗೂ ಓಂಕಾರಪ್ಪನೋರು ಇದ್ದಾರಲ್ಲ.

ಹೆಂಡತಿ ವಿಶಾಲಾಕ್ಷಮ್ಮನಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. "ರೀ, ಜನ ನಂಬಿದಾರೆ ಅಂತ ನಿಮಗೆ ಗೊತ್ತಿಲ್ದಿದ್ದೂ ಗೊತ್ತಾಗೋದಿಲ್ಲ," ಎನ್ನುತ್ತಿದ್ದರು.

"ನಾನೇನು ಔಷಧಿ ಕೊಡ್ತೀನಾ? ಬರೆದಿದ್ದು ಓದ್ತೀನಿ, ಅಷ್ಟೆ," ಎನ್ನುತ್ತಿದ್ದರು ಇವರು.

ಎರಡು ವರ್ಷದ ಹಿಂದೆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೊಸದಾಗಿ ಬಂದ ನರ್ಸ್ ಸುಪ್ರಿಯಾ ಅಂಗಡಿಗೇ ಬಂದು ಕೇಳಿಕೊಂಡಿದ್ದಳು. "ಸರ್, ಚೀಟಿ ತರೋರನ್ನ ನನ್ನ ಹತ್ರ ಕಳಿಸಿ. ಈಗಿನ ಮಾತ್ರೆ ಬಹಳ ಬೇರೆ ಇದಾವೆ. ನನಗೇ ಕೆಲವು ಸಲ ಫೋನ್ ಮಾಡಿ ಕೇಳ್ಬೇಕಾಗುತ್ತೆ." ಓಂಕಾರಪ್ಪ ನಗುತ್ತಾ ತಲೆಯಾಡಿಸಿದರು. ಅವಳು ಹೋದ ಮೇಲೆ, ಮೊಮ್ಮಗಳ ವಯಸ್ಸಿನ ಹುಡುಗಿ ತನಗೇ ಗೊತ್ತಿಲ್ಲ ಎಂದು ಒಪ್ಪಿಕೊಂಡು ಹೋದಳಲ್ಲ ಎಂದು ಹೆಂಡತಿಯೆದುರು ಆಡಿಕೊಂಡರು. ಯಾರನ್ನೂ ಕಳಿಸಲಿಲ್ಲ.

ಹೀಗಿರುವಾಗ ಪಾಪಮ್ಮ ಬಂದರು.

ಪಾಪಮ್ಮನದು ಊರಿನಿಂದ ಎರಡು ಮೈಲಿ ಆಚೆ, ಎರಡೆಕರೆ ರೋಬಸ್ಟಾ ಕಾಫಿ ತೋಟ. ಗಂಡ ತೀರಿಕೊಂಡ ಮೇಲೆ ಮಗ ರಾಜೇಶನೊಂದಿಗೆ ತಾವೇ ನಿಂತು ತೋಟ ಮಾಡಿಸಿದವರು. ಅರವತ್ತರ ಆಸುಪಾಸು. ಒಂದು ವರ್ಷದಿಂದ ಬೆರಳಿನ ಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದರೆ ಸೆರಗು ಸಿಕ್ಕಿಸಿಕೊಳ್ಳಲೂ ಆಗದಂತಾಗಿತ್ತು. ಆ ವರ್ಷ ಹಣ್ಣು ಕೊಯ್ಲು ಮುಗಿಯುವುದನ್ನೇ ಕಾದಿದ್ದು, ಫೆಬ್ರವರಿಯಲ್ಲಿ ರಾಜೇಶ ಅವರನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಮರುದಿನ ಅವನು ಮೆಣಸು ಸಾಗಿಸುವ ಬಾಡಿಗೆಗೆ ತನ್ನ ಪಿಕಪ್ ತೆಗೆದುಕೊಂಡು ಹೊರಟಾಗ ಇವರು ಅದರಲ್ಲೇ ಬಂದು ಅಂಗಡಿಯ ಮುಂದೆ ಇಳಿದರು.

"ಡಾಕ್ಟ್ರು ಎಂತ ಹೇಳಿದ್ರು ಪಾಪಮ್ಮ?" ಎಂದು ಓಂಕಾರಪ್ಪ ಕೇಳಿದರು.

"ಎಂತ ಹೇಳಿದ್ರೋ ಓಂಕಾರಣ್ಣ. ಕೈ ಹಿಡಿದು ನೋಡಿದ್ರು, ಕಂಪ್ಯೂಟ್ರಲ್ಲಿ ಬರೆದ್ರು, ಚೀಟಿ ಗೀಚಿದ್ರು, ಮುಂದಿನೋರನ್ನ ಕರೆದ್ರು. ಗಾಡಿ ತೆಗೀರಿ ಅಂದ್ರು ಅಂತ ರಾಜೇಶ ಕೆಳಗೆ ಹೋಗಿದ್ದ. ಎರಡು ತಿಂಗಳು ಬಿಟ್ಟು ಬನ್ನಿ ಅಂದ್ರು. ಅದೊಂದು ಸರಿ ಕೇಳಿಸ್ತು."

ಕವರಿನಲ್ಲಿ ಎರಡು ತರಹದ ಮಾತ್ರೆ ಇದ್ದವು. ಎರಡೂ ಹಳದಿ, ಎರಡೂ ಚಿಕ್ಕವು. ಒಂದರದು ಐದಾರು ಪಟ್ಟಿ. ಅದು ರಕ್ತಕ್ಕೆ ಕೊಡುವ ವಿಟಮಿನ್ ಎಂಬುದು ಓಂಕಾರಪ್ಪನವರಿಗೆ ಗೊತ್ತಿತ್ತು. ಇನ್ನೊಂದು ಒಂದೇ ಪಟ್ಟಿ, ಹತ್ತು ಮಾತ್ರೆ. ಅದರ ಉದ್ದನೆಯ ಹೆಸರನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಚೀಟಿಯ ಮೇಲೆ ಪೆನ್ನಿನಲ್ಲಿ ಗೀಚಿದ್ದರಲ್ಲಿ ಅದರ ಪಕ್ಕ ಒಂದು ಓ ಇತ್ತು, ಓ ಪಕ್ಕ ಡೊಂಕು ಡೊಂಕಾದ ಗೀಟಿತ್ತು. ಕನ್ನಡಕ ಒರೆಸಿ ಮತ್ತೆ ನೋಡಿದರು. ಓ ಇದ್ದ ಮೇಲೆ ಮುಂದಿನದು ಡಿ ಅಲ್ಲದೆ ಇನ್ನೇನು?

"ಔಷಧಿ ಕೊಡೋ ಕಿಟಕೀಲಿ ಒಂದು ಹುಡುಗಿ ಇದ್ಲು," ಎಂದರು ಪಾಪಮ್ಮ. "ಗಾಜಿನ ಆಚೆಯಿಂದ ವಾರ, ವಾರ ಅಂತ ಎಂತದೋ ಹೇಳ್ತಾ ಇದ್ಲು. ಹಿಂದಿನೋರು ನೂಕ್ತಾ ಇದ್ರು. ನಾನು ಹೂಂ ಅಂದೆ."

ಓಂಕಾರಪ್ಪನವರ ಪೆನ್ಸಿಲು ಒಂದು ಗಳಿಗೆ ನಿಂತಿತು. ಈ ಔಷಧಿ ನನಗೆ ತಿಳಿಯದು, ಸುಪ್ರಿಯಾ ಸಿಸ್ಟರಿಗೆ ತೋರಿಸಿ ಎನ್ನಬಹುದಿತ್ತು. ಬಾಗಿಲಲ್ಲಿ ಇನ್ನಿಬ್ಬರು ನಿಂತು ನೋಡುತ್ತಿದ್ದರು. "ವಾರದೊಳಗೆ ನೋವು ಕಮ್ಮಿ ಆಗುತ್ತೆ ಅಂದಿರ್ಬೇಕು," ಎಂದು ಹೇಳಿ ಗುಡ್ಡದ ಮೇಲೆ ಮೂಡುವ ಸೂರ್ಯನನ್ನು ಬರೆದರು, ಪಕ್ಕದಲ್ಲಿ ಒಂದು ಹಳದಿ ಚುಕ್ಕಿ. ಚಂದ್ರನ ಪಕ್ಕ ವಿಟಮಿನ್ನಿನ ಚುಕ್ಕಿ. ಗುರುತಿಗೆಂದು ವಿಟಮಿನ್ ಪಟ್ಟಿಗಳ ತುದಿ ಕತ್ತರಿಸಿ ಕೊಟ್ಟರು. "ಬೆಳಿಗ್ಗೆ ತಿಂಡಿ ತಿಂದ್ಮೇಲೆ ದಿನಾ ಒಂದು. ತಪ್ಪಿಸ್ಬೇಡಿ."

ಪಾಪಮ್ಮ ತಪ್ಪಿಸಲಿಲ್ಲ. ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವ ಹೆಂಗಸು ಅವರು.

ಏಳನೆಯ ದಿನ ಅವರು ಮತ್ತೆ ಅಂಗಡಿಗೆ ಬಂದರು. ಬೆರಳಿನ ನೋವು ಸ್ವಲ್ಪ ಇಳಿದಿದೆಯಂತೆ, ಆದರೆ ಬಾಯೆಲ್ಲ ಹುಣ್ಣು. ನಾಲಿಗೆ ತೋರಿಸಿದರು. ಅಂಚು ಕೆಂಪಗೆ ಸುಲಿದಿತ್ತು. ಒಳದುಟಿಯಲ್ಲಿ ಬಿಳಿ ಕಲೆಗಳಿದ್ದವು. ಓಂಕಾರಪ್ಪನವರಿಗೆ ಅದನ್ನು ನೋಡಿ ಮುಖ ಆಚೆ ತಿರುಗಿಸಬೇಕೆನಿಸಿತು.

"ಉಷ್ಣ," ಎಂದರು. "ಕೀಲಿಗೆ ಕೊಡೋ ಮಾತ್ರೆ ಎಲ್ಲ ಹಾಗೇ. ಮಜ್ಜಿಗೆ ಜಾಸ್ತಿ ಕುಡೀರಿ. ಹುಣ್ಣಿಗೆ ಬೆಣ್ಣೆ ಹಚ್ಚಿ."

"ಮಾತ್ರೆ ಬಿಡ್ಲಾ?"

"ಅರ್ಧಕ್ಕೆ ಬಿಟ್ರೆ ಎರಡು ತಿಂಗಳು ಬಿಟ್ಟು ಹೋದಾಗ ಡಾಕ್ಟ್ರು ಬೈತಾರೆ."

ಹನ್ನೊಂದನೆಯ ದಿನ ರಾಜೇಶ ಬಂದು ಕೌಂಟರಿನ ಮೇಲೆ ಖಾಲಿ ಪಟ್ಟಿ ಇಟ್ಟ. "ಇದು ಮುಗೀತು ಓಂಕಾರಪ್ಪನೋರೆ. ಇನ್ನೊಂದು ಪಟ್ಟಿ ಇಲ್ಲೇ ಮೂಡಿಗೆರೆ ಮೆಡಿಕಲ್‌ನಲ್ಲಿ ತಗೊಳ್ಬಹುದಾ?"

ಓಂಕಾರಪ್ಪ ಆ ಪಟ್ಟಿಯನ್ನು ಹಿಂದುಮುಂದು ತಿರುಗಿಸಿದರು. ಎರಡು ತಿಂಗಳು ಬಿಟ್ಟು ಬನ್ನಿ ಎಂದವರು ಹತ್ತೇ ಮಾತ್ರೆ ಯಾಕೆ ಕೊಟ್ಟರು? ವಿಟಮಿನ್ನು ಐದಾರು ಪಟ್ಟಿ ಕೊಟ್ಟವರಿಗೆ ಇದು ಸ್ಟಾಕ್ ಇರಲಿಲ್ಲವೇ? ಆದರೆ ಹತ್ತು ದಿನದ ಹಿಂದೆ ಇಷ್ಟು ಖಂಡಿತವಾಗಿ ಹೇಳಿದ ಮಾತನ್ನು ಈಗ ಆ ಹುಡುಗನೆದುರು ಹೇಗೆ ಹಿಂದೆ ತೆಗೆದುಕೊಳ್ಳುವುದು? "ಅವ್ರ ಹತ್ರ ಅಷ್ಟೇ ಇತ್ತೇನೋ," ಎಂದರು. "ಅಮ್ಮ ಹೇಗಿದ್ದಾರೆ?"

"ಸುಸ್ತು ಅಂತಾರೆ. ಸರಿ ಊಟ ಮಾಡಲ್ಲ. ಬಾಯಿ ಹುಣ್ಣಲ್ವಾ."

ರಾಜೇಶ ಮೂಡಿಗೆರೆಗೆ ಬಾಡಿಗೆ ಹೋದಾಗ ಒಂದು ಮೆಡಿಕಲ್ ಶಾಪಿನಲ್ಲಿ ಖಾಲಿ ಪಟ್ಟಿ ತೋರಿಸಿದ. ಅಂಗಡಿ ತುಂಬ ಜನ. ಅವರು ಅದೇ ಹೆಸರಿನ ಹೊಸ ಪಟ್ಟಿ ತೆಗೆದು ಕೊಟ್ಟರು. ಯಾರಿಗೆ, ಎಷ್ಟು ದಿನಕ್ಕೆ, ಚೀಟಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಶಾಲಿನಿ ಅಂಗಡಿಗೆ ಬಂದಳು. ಅವಳು ಚನ್ನಕೇಶವಗೌಡರ ಸೊಸೆ. ಗೌಡರದು ಹತ್ತಿರದ ದೊಡ್ಡ ಎಸ್ಟೇಟು. ಅಂಗಳದಲ್ಲಿ ಮೆಣಸು ಒಣಗಿಸಲು ಟಾರ್ಪಾಲು ಬೇಕಾಗಿತ್ತು. ಆಳು ಅದನ್ನು ಮಡಿಸಿ ಜೀಪಿಗೆ ಹಾಕುವ ತನಕ ಓಂಕಾರಪ್ಪ ಎಂದಿನಂತೆ ಕುಶಲ ವಿಚಾರಿಸಿದರು. "ನಿಮ್ಮತ್ತೆ ಕೈಕಾಲು ನೋವು ಅಂತಿದ್ರಲ್ಲ, ಈಗ ಹೇಗಮ್ಮ?"

"ಪರವಾಗಿಲ್ಲ ಓಂಕಾರಪ್ಪನೋರೆ. ಕೆಳಗಿನ ಆಸ್ಪತ್ರೇಲಿ ತೋರಿಸ್ತಾ ಇದೀವಿ. ಭಾನುವಾರದ ಮಾತ್ರೆ ಶುರು ಮಾಡಿದ್ಮೇಲೆ ಬೆರಳು ಮಡಚೋಕೆ ಬರ್ತಾ ಇದೆ."

"ಭಾನುವಾರದ ಮಾತ್ರೆ ಅಂದ್ರೆ?"

"ಚಿಕ್ಕ ಹಳದಿ ಮಾತ್ರೆ. ವಾರಕ್ಕೆ ಒಂದೇ. ಭಾನುವಾರ ಮಾತ್ರ ಕೊಡೋದು. ಪ್ರತಿ ಶನಿವಾರ ಆಸ್ಪತ್ರೆಯಿಂದ ಒಬ್ರು ಫೋನ್ ಮಾಡಿ ನೆನಪು ಮಾಡ್ತಾರೆ. ಮೊದಲನೇ ದಿನ ನಮ್ಮನ್ನ ಬೇರೆ ರೂಮಲ್ಲಿ ಕೂರಿಸಿ ಮೂರು ಸಲ ಹೇಳಿದ್ರು, ಮರೆತು ದಿನಾ ಕೊಟ್ರೆ ವಿಷ ಆಗುತ್ತೆ, ಬಾಯಲ್ಲಿ ಹುಣ್ಣಾದ್ರೆ ಒಂದು ಗಂಟೆ ಕೂಡ ಕಾಯ್ಬೇಡಿ ಅಂತ. ಹದಿನೈದು ದಿನಕ್ಕೊಂದ್ಸಲ ರಕ್ತ ಬೇರೆ ಟೆಸ್ಟು."

ಓಂಕಾರಪ್ಪನವರು ಗಲ್ಲಾದ ಅಂಚು ಹಿಡಿದುಕೊಂಡರು. "ಅದರ ಹೆಸರೇನಮ್ಮ?"

ಶಾಲಿನಿ ಫೋನಿನಲ್ಲಿದ್ದ ಚೀಟಿಯ ಫೋಟೋ ತೋರಿಸಿದಳು. ಅದೇ ಉದ್ದನೆಯ ಹೆಸರು. ಅದೇ ಆಸ್ಪತ್ರೆ, ಅದೇ ನಮೂನೆಯ ಚೀಟಿ, ಅದೇ ಓ. ಈ ಚೀಟಿಯಲ್ಲಿ ಪಕ್ಕದ ಅಕ್ಷರ ಬಿಡಿಸಿ ಬರೆದಿತ್ತು. ಅದು ಡಿ ಅಲ್ಲ, ಡಬ್ಲ್ಯೂ. ವಾರಕ್ಕೊಮ್ಮೆ. ಅದರ ಕೆಳಗೆ ಯಾರೋ ಕನ್ನಡದಲ್ಲಿ ದೊಡ್ಡದಾಗಿ 'ಭಾನುವಾರ ಮಾತ್ರ' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಪಾಪಮ್ಮನ ಚೀಟಿಯಲ್ಲಿ ಆ ಕನ್ನಡ ಇರಲಿಲ್ಲ.

ಎಷ್ಟು ದಿನ? ಹತ್ತು, ಮೇಲೆ ನಾಲ್ಕು. ಒಂದು ಮಳೆಗಾಲಕ್ಕಾಗುವಷ್ಟು ಮಾತ್ರೆಯನ್ನು ಆ ಹೆಂಗಸು ಹದಿನಾಲ್ಕು ದಿನದಲ್ಲಿ ನುಂಗಿದ್ದರು.

ಅವರು ಅಂಗಡಿಯನ್ನು ಹಾಗೇ ಬಿಟ್ಟು ಸ್ಕೂಟರ್ ಹತ್ತಿ ಉಪಕೇಂದ್ರಕ್ಕೆ ಹೋದರು. ಸುಪ್ರಿಯಾ ಮಗುವೊಂದಕ್ಕೆ ಚುಚ್ಚುಮದ್ದು ಕೊಡುತ್ತಿದ್ದಳು. ಇವರು ಹೇಳಿದ ಎರಡು ಮಾತಿಗೇ ಅವಳ ಮುಖ ಬಿಳಿಚಿತು. "ಬಾಯಿ ಹುಣ್ಣು ಯಾವಾಗಿಂದ?"

"ಒಂದು ವಾರ ಆಯ್ತು."

"ಒಂದು ವಾರ," ಎಂದಳು ಸುಪ್ರಿಯಾ. ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಅವರ ಸ್ಕೂಟರಿನ ಹಿಂದೆ ಕೂತಳು.

ದಾರಿಯ ಎರಡೂ ಕಡೆ ತೋಟಗಳಲ್ಲಿ ಸ್ಪ್ರಿಂಕ್ಲರು ತಿರುಗುತ್ತಿದ್ದವು. ಮೊದಲು ನೀರು ಬಿಟ್ಟ ತೋಟಗಳಲ್ಲಿ ಆಗಲೇ ಕಾಫಿ ಹೂ ಬಿಟ್ಟು ಬೆಳ್ಳಗಾಗಿತ್ತು. ಆ ಗಾಢ ಪರಿಮಳದ ನಡುವೆ ಓಂಕಾರಪ್ಪ ಸ್ಕೂಟರಿನ ವೇಗ ಹೆಚ್ಚಿಸಿದರು.

ಪಾಪಮ್ಮ ಜಗಲಿಯ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಮುಟ್ಟದೆ ಬಿಟ್ಟ ಗಂಜಿ. ತುಟಿಗಳು ಒಡೆದು ಕಪ್ಪಾಗಿದ್ದವು. ತೋಳಿನ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಕಲೆಗಳಿದ್ದವು, ಯಾರೋ ಹಿಡಿದು ಜಗ್ಗಿದ ಹಾಗೆ. ಮೈ ಕೆಂಡದಂತೆ ಸುಡುತ್ತಿತ್ತು. ಓಂಕಾರಪ್ಪನವರನ್ನು ಕಂಡು ಕಷ್ಟಪಟ್ಟು ನೆಟ್ಟಗೆ ಕೂತರು. "ನೀವ್ಯಾಕೆ ಬರಕ್ಕೆ ಹೋದ್ರಿ ಓಂಕಾರಣ್ಣ. ಇವತ್ತಿಂದೂ ತಗೊಂಡಿದೀನಿ. ಬಿಟ್ಟಿಲ್ಲ."

ಸುಪ್ರಿಯಾ ಒಳಗೆ ಹೋಗಿ ಚೀಟಿ ಹುಡುಕಿ ತಂದಳು. ಅದರ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದಳು. ಗೋಡೆಗೆ ಅಂಟಿಸಿದ್ದ ಸೂರ್ಯ ಚಂದ್ರರ ಕಾಗದ ಅವಳ ಕಣ್ಣಿಗೂ ಬಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ಓಂಕಾರಪ್ಪನವರನ್ನು ನೋಡಿದಳು.

ಗಾಬರಿಯಿಂದ ಓಡಿ ಬಂದ ರಾಜೇಶನಿಗೆ ಅವಳು ಇಷ್ಟೇ ಹೇಳಿದಳು: "ಈ ಮಾತ್ರೆ ದಿನಾ ತಗೊಳ್ಳೋದಲ್ಲ. ಕೂಡ್ಲೆ ಆಸ್ಪತ್ರೆಗೆ ಸೇರಿಸ್ಬೇಕು."

"ಹಾಳಾಗ್ ಹೋಗ್ಲಿ ಇವ್ರ ಆಸ್ಪತ್ರೆ," ಎಂದ ರಾಜೇಶ. "ನಮ್ಮಂತೋರು ಅಂದ್ರೆ ಎಂತದೋ ಇಂಗ್ಲೀಷಲ್ಲಿ ಗೀಚಿ ಕಳಿಸ್ತಾರೆ. ತಪ್ಪು ಬರೆದು ಕೊಟ್ಟಿದಾರೆ ನೋಡಿ ಓಂಕಾರಪ್ಪನೋರೆ."

ಓಂಕಾರಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ಅವರು ತೆರೆದ ಬಾಯನ್ನು ಮುಚ್ಚಿದರು.

ಮೂಡಿಗೆರೆಯಲ್ಲಿ ರಕ್ತ ನೋಡಿದವರು ಇಲ್ಲಿ ಆಗುವುದಿಲ್ಲ ಎಂದರು. ಅಲ್ಲಿಂದ ಘಟ್ಟ ಇಳಿಸಿದರು. ರಕ್ತದ ಬಿಳಿ ಕಣಗಳು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದವು. ಮೂತ್ರಪಿಂಡ ಮೊದಲೇ ಸೋತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಸುಪ್ರಿಯಾ ದಿನಾ ಫೋನ್ ಮಾಡಿ ವಿಚಾರಿಸಿ ಅಂಗಡಿಗೆ ಬಂದು ಹೇಳಿಹೋಗುತ್ತಿದ್ದಳು. ಒಂದು ದಿನ ಜ್ವರ ಇಳಿದಿದೆ, ಮರುದಿನ ಮತ್ತೆ ಏರಿದೆ. ಮಾತು ನಿಂತಿದೆ. ಉಸಿರಿಗೆ ಕೊಳವೆ ಹಾಕಿದ್ದಾರೆ. ಆ ದಿನಗಳಲ್ಲಿಯೂ ಜನ ಚೀಟಿ ಹಿಡಿದು ಬಂದರು. ಕಣ್ಣು ಸರಿ ಇಲ್ಲ ಎಂದು ಸುಳ್ಳು ಹೇಳಿ ಓಂಕಾರಪ್ಪ ಅವರನ್ನು ಹಿಂದೆ ಕಳಿಸಿದರು. ಊಟಕ್ಕೆ ಕೂತರೆ ತಟ್ಟೆ ಹಾಗೇ ಇರುತ್ತಿತ್ತು. ವಿಶಾಲಾಕ್ಷಮ್ಮ ಮೂರನೆಯ ದಿನ ಕೇಳಿದರು, "ನೀವೇ ಹೇಳಿದ್ರಾ ದಿನಾ ಅಂತ?" ಅವರು ಹೂಂ ಎಂದರು. ವಿಶಾಲಾಕ್ಷಮ್ಮ ಬೈಯಲಿಲ್ಲ. ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು.

ಒಂಬತ್ತನೆಯ ದಿನ ಪಾಪಮ್ಮ ತೀರಿಕೊಂಡರು. ಸೋಂಕು ಮೈಗೆಲ್ಲ ಹರಡಿತ್ತು ಎಂದರಂತೆ.

ಮಣ್ಣಾಗಿ ಆರು ದಿನಕ್ಕೆ ರಾಜೇಶ ಅಂಗಡಿಗೆ ಬಂದ. ತಲೆ ಬೋಳಿಸಿದ್ದ. ತಿಥಿಯ ದಿನ ಹೇಳಿ, ಮನೆಯವರೆಲ್ಲ ಬರಬೇಕೆಂದು ಕೇಳಿಕೊಂಡ. ಆಮೇಲೆ ತಲೆ ತಗ್ಗಿಸಿ, "ನೀವು ಓಡಿ ಬಂದ್ರಿ. ಅಷ್ಟಾದ್ರೂ ಆಯ್ತು. ಇಲ್ದಿದ್ರೆ ನಮಗೆ ಯಾಕೆ ಹೋದ್ರು ಅಂತ್ಲೂ ಗೊತ್ತಾಗ್ತಿರ್ಲಿಲ್ಲ," ಎಂದ.

ಓಂಕಾರಪ್ಪನವರಿಗೆ ಆ ಕೃತಜ್ಞತೆಯನ್ನು ತಾಳಿಕೊಳ್ಳಲಾಗಲಿಲ್ಲ. ಸುಮ್ಮನಿದ್ದಿದ್ದರೆ ಈ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಊರೂ ಆಸ್ಪತ್ರೆಯನ್ನೇ ಬೈದು ಮರೆಯುತ್ತಿತ್ತು.

"ರಾಜೇಶ, ಅವ್ರು ತಪ್ಪು ಬರೆದಿರ್ಲಿಲ್ಲ. ವಾರಕ್ಕೊಂದು ಅಂತ್ಲೇ ಬರೆದಿದ್ರು. ನಾನು ದಿನಕ್ಕೊಂದು ಅಂತ ಓದಿದೆ. ನನಗೆ ಆ ಮಾತ್ರೆ ಗೊತ್ತಿರ್ಲಿಲ್ಲ. ನಿಮ್ಮಮ್ಮ ವಾರ ಅಂದ್ರು ಅಂತ ಹೇಳಿದ್ರು ಕೂಡ. ನಾನು ಕೇಳಿಸ್ಕೊಳ್ಳಿಲ್ಲ."

ಹೊರಗೆ ಒಂದು ಬಸ್ಸು ಬಂದು, ಜನರನ್ನು ಇಳಿಸಿ, ಹೊರಟಿತು.

"ಹುಣ್ಣಾದಾಗ ಬಿಡ್ಲಾ ಅಂತ ಕೇಳಿದ್ರಂತೆ," ಎಂದ ರಾಜೇಶ.

"ಕೇಳಿದ್ರು."

"ಬಿಡ್ಬೇಡಿ ಅಂದ್ರಿ."

"ಅಂದೆ."

ರಾಜೇಶ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಅವನ ಧ್ವನಿ ಏರಲಿಲ್ಲ. "ನೀವು ತಿಥಿಗೆ ಬರ್ಬೇಡಿ ಓಂಕಾರಪ್ಪನೋರೆ," ಎಂದು ಮೆಟ್ಟಿಲಿಳಿದು ಹೋದ.

ವಿಷಯ ಊರಿಗೆ ಗೊತ್ತಾಯಿತು. ಜನ ಉಗಿಯುತ್ತಾರೆ, ಅಂಗಡಿಗೆ ಬರುವುದು ಬಿಡುತ್ತಾರೆ ಎಂದು ಓಂಕಾರಪ್ಪ ಕಾದರು. ಹಾಗಾಗಲಿಲ್ಲ. ಪಾಪಮ್ಮನ ಆಯುಸ್ಸು ಅಷ್ಟೇ ಇತ್ತು ಬಿಡಿ, ನೀವೇನು ಬೇಕಂತ ಮಾಡಿದ್ರಾ ಎಂದು ಬಂದವರೇ ಸಮಾಧಾನ ಹೇಳಿದರು, ಹೇಳುತ್ತಲೇ ಜೇಬಿನಿಂದ ತಮ್ಮ ಚೀಟಿ ತೆಗೆದರು. ಬೈಗುಳಕ್ಕಿಂತ ಅದೇ ಅವರನ್ನು ಹೆಚ್ಚು ಹೆದರಿಸಿತು. ಇಷ್ಟಾದರೂ ಇವರು ತನ್ನನ್ನು ನಂಬುತ್ತಾರೆಂದರೆ, ಇವರಿಗೆ ಬೇರೆ ಯಾರೂ ಇಲ್ಲ ಎಂದೇ ಅರ್ಥ. ಅವರು ಒಬ್ಬೊಬ್ಬರನ್ನೂ ಸುಪ್ರಿಯಾಳ ಬಳಿಗೆ ಕಳಿಸತೊಡಗಿದರು. ಕೆಲವರು ಹೋದರು. ಕೆಲವರು ಹೋಗುತ್ತೇವೆಂದು ಹೇಳಿ ಬಸ್ಸು ಹತ್ತಿದರು. ಅಂಥವರ ಹೆಸರು ಬರೆದಿಟ್ಟು ಸಂಜೆ ಅವಳಿಗೆ ಕೊಡುತ್ತಿದ್ದರು. ಐದು ಊರಿಗೆ ಒಬ್ಬಳೇ ಆದ ಅವಳು ಎಷ್ಟು ಮನೆ ಸುತ್ತಬಲ್ಲಳು?

ಜೂನ್ ಮೊದಲ ವಾರದಲ್ಲಿ ಗಂಗಾಧರಪ್ಪ ಎಂಬ ಸಣ್ಣ ಹಿಡುವಳಿದಾರ ಬಂದ. ಹೆಂಡತಿಗೆ ಫಿಟ್ಸ್ ಬರುತ್ತಿತ್ತು, ಹಾಸನದಲ್ಲಿ ತೋರಿಸಿ ಮಾತ್ರೆ ತಂದಿದ್ದ. ಓಂಕಾರಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು, "ನಾನು ಓದಲ್ಲ ಮಾರಾಯ. ಉಪಕೇಂದ್ರಕ್ಕೆ ಹೋಗು," ಎಂದರು.

"ಅಲ್ಲಿಗೆ ಹೋಗೇ ಬಂದೆ. ಬಾಗಿಲು ಹಾಕಿದೆ. ಸಿಸ್ಟರು ಚಿಕ್ಕಮಗಳೂರಿಗೆ ಮೀಟಿಂಗಿಗೆ ಹೋಗಿದ್ದಾರಂತೆ. ನೀವು ಒಂದ್ಸಲ ಕಣ್ಣಾಡ್ಸಿ, ಸಾಕು."

"ಇರು, ಫೋನ್ ಮಾಡ್ತೀನಿ." ಸುಪ್ರಿಯಾಳ ಫೋನು ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಹೊರಗೆ ಬಸ್ಸು ಹಾರ್ನ್ ಹಾಕಿತು.

"ಸಂಜೆ ತನಕ ಕೂತಿರು. ಅವಳು ಬಂದೇ ಬರ್ತಾಳೆ."

"ಇದು ಬಿಟ್ರೆ ಬಸ್ಸಿಲ್ಲ, ಮನೇಲಿ ಅವಳೊಬ್ಳೇ ಇದ್ದಾಳೆ," ಎಂದ ಗಂಗಾಧರಪ್ಪ ಕವರು ಮಡಚುತ್ತಾ. "ಇರ್ಲಿ ಬಿಡಿ. ಬೆಳಿಗ್ಗೆ ಒಂದು ಸಾಯಂಕಾಲ ಒಂದು ಕೊಡ್ತೀನಿ. ಎಲ್ಲಾ ಮಾತ್ರೇನೂ ಹಾಗೇ ಅಲ್ವಾ?"

ಓಂಕಾರಪ್ಪ ಗಲ್ಲಾ ಸುತ್ತಿ ಮೆಟ್ಟಿಲಿಗೆ ಬರುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು. ವಿಶಾಲಾಕ್ಷಮ್ಮನನ್ನು ಕೂಗಿ ಅಂಗಡಿ ನೋಡಿಕೊಳ್ಳಲು ಹೇಳಿದರು. ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸ್ಕೂಟರನ್ನು ಬಸ್ಸು ಹೋದ ಕಡೆಗೆ ತಿರುಗಿಸಿದರು. ಗಂಗಾಧರಪ್ಪ ಯಾವ ಸ್ಟಾಪಿನಲ್ಲಿ ಇಳಿಯುತ್ತಾನೆಂದು ಅವರು ಕೇಳಿರಲಿಲ್ಲ.